ಉಗ್ರಾಣದ ಕತ್ತಲಲ್ಲಿ ಬೆಳೆದ ಕುಂಬಳ

ಹೋದ ವಾರ ವಸಂತಪುರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಬಾಲ್ಕನಿಯಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮು ಇಟ್ಟುಕೊಂಡು ಅಡುಗೆಮನೆಯ ಕಸವನ್ನೆಲ್ಲ ಅದರೊಳಗೆ ಸುರಿದು ಗೊಬ್ಬರ ಮಾಡುತ್ತಾಳೆ. ಈರುಳ್ಳಿ ಸಿಪ್ಪೆ ಹಾಕಿ ಬಾ ಅಂತ ನನ್ನನ್ನು ಕಳಿಸಿದಳು. ಮುಚ್ಚಳ ತೆಗೆದರೆ ಒಳಗೆ ಏಳೆಂಟು ಸಿಹಿಗುಂಬಳದ ಬೀಜ ಮೊಳೆತು ನಿಂತಿದ್ದವು. ನೂಲಿನ ಹಾಗೆ ಬೆಳ್ಳಗೆ ಉದ್ದವಾಗಿ ಎದ್ದು, ತಲೆ ಬಗ್ಗಿಸಿಕೊಂಡು, ತಲೆಯ ಮೇಲೆ ಬೀಜದ ಸಿಪ್ಪೆಯನ್ನು ಇನ್ನೂ ಹೊತ್ತುಕೊಂಡಿದ್ದವು. ಒಂದನ್ನು ಕಿತ್ತು ಬೆರಳಲ್ಲಿ ಹೊಸಕಿ ಮೂಸಿದೆ. ಎಳೆ ಸೌತೆಕಾಯಿಯ ವಾಸನೆ, ಜೊತೆಗೆ ಒದ್ದೆ ಮಣ್ಣಿನದು. ಎರಡು ಸಾವಿರನೇ ಇಸವಿಯ ಬೇಸಿಗೆ ಪೂರ್ತಿ ನಮ್ಮ ಜಯನಗರದ ಮನೆಯ ಉಗ್ರಾಣದಲ್ಲಿ ಇದೇ ವಾಸನೆ ತುಂಬಿತ್ತು.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಕನ್ನಡ ಪೇಪರು ಓದುತ್ತೇನೆ, ಇಂಗ್ಲಿಷು ಬರುವುದಿಲ್ಲ. ಗಿಡದ ವಿಷಯ ಬರೆಯಲು ನನಗೇನು ಯೋಗ್ಯತೆ ಅಂತ ಕೇಳಿದರೆ, ಆ ವಿಷಯದಲ್ಲಿ ಒಂದು ತಪ್ಪು ಮಾಡಿದವಳು ನಾನು, ಆದ್ದರಿಂದ ಆ ಭಾಗ ನನಗೆ ಚೆನ್ನಾಗಿ ಗೊತ್ತು.

ಆ ವರ್ಷ ನಮ್ಮ ಮಹಡಿ ಮೇಲಿನ ರೂಮಿನಲ್ಲಿ ಸುವರ್ಣಾ ಅಂತ ಒಬ್ಬಳು ಬಾಡಿಗೆಗೆ ಇದ್ದಳು. ಗದಗದ ಕಡೆಯವಳು. ಮೊದಲು ಬಿಟಿಎಂ ಲೇಔಟಿನಲ್ಲಿ ಆಫೀಸಿಗೆ ಹೋಗುವ ನಾಲ್ಕು ಜನ ಹುಡುಗಿಯರ ಜೊತೆ ಇದ್ದು, ಅವರ ಟಿವಿ ಗಲಾಟೆ ತಡೆಯಲಾರದೆ ನಮ್ಮಲ್ಲಿಗೆ ಬಂದಿದ್ದಳು. ತಲಘಟ್ಟಪುರದ ಆಚೆ ಇದ್ದ ಒಂದು ಸಂಶೋಧನಾ ಕೇಂದ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಬೆಳಗ್ಗೆ ಬನಶಂಕರಿಯಿಂದ ಬಸ್ಸು ಹಿಡಿದರೆ ಮನೆಗೆ ಬರುವಾಗ ಏಳೂವರೆ. ಬಂದವಳು ನಮ್ಮ ಅಡುಗೆಮನೆಯಲ್ಲಿ ಕೂತು ತಾನೇ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಸಾರಿಗೆ ಸಕ್ಕರೆ ಹಾಕಿದ್ದೀರಾ ಅಂತ ದಿನಾ ಕೇಳುವಳು. ಬೆಲ್ಲ ಅಂತ ದಿನಾ ಹೇಳುತ್ತಿದ್ದೆ.

ಅವಳ ಕೆಲಸಕ್ಕೆ ಕತ್ತಲಲ್ಲಿ ಬೆಳೆದ ಸಿಹಿಗುಂಬಳದ ಸಸಿ ಬೇಕು. ಕೇಂದ್ರದಲ್ಲಿ ಅದಕ್ಕೇ ಒಂದು ಕತ್ತಲೆ ಕೋಣೆ ಇತ್ತು. ಮಾರ್ಚಿನಲ್ಲಿ ಆ ಕಟ್ಟಡದ ತಾರಸಿ ಸೋರುತ್ತದೆ ಅಂತ ರಿಪೇರಿಗೆ ತೆಗೆದರು, ಮೂರು ತಿಂಗಳು ಕೋಣೆಗೆ ಬೀಗ. ಇವಳ ರಿಜಿಸ್ಟ್ರೇಷನ್ನು ಜೂನ್ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಪುಸ್ತಕ ಬರೆದು ಒಪ್ಪಿಸಬೇಕು, ಇಲ್ಲವೇ ಅವಳ ಗೈಡು ಸಹಿ ಮಾಡಿ ಅವಧಿ ಹೆಚ್ಚಿಸಿಕೊಡಬೇಕು. ಎರಡೂ ಆಗದಿದ್ದರೆ ನಾಲ್ಕು ವರ್ಷ ನೀರಿನಲ್ಲಿ ಮಾಡಿದ ಹೋಮ. ಒಂದು ದಿನ ರೊಟ್ಟಿ ಬಡಿಯುತ್ತಾ ಇದನ್ನೆಲ್ಲ ಹೇಳಿದಳು. ಅಳಲಿಲ್ಲ, ಅದು ನನಗೆ ಹಿಡಿಸಿತು.

ನಮ್ಮ ಮನೆಯ ನಡುವೆ ಒಂದು ಉಗ್ರಾಣ ಉಂಟು. ಕಿಟಕಿಯಿಲ್ಲ. ಉಪ್ಪಿನಕಾಯಿ ಭರಣಿ, ಹಿತ್ತಾಳೆ ಪಾತ್ರೆ, ಅಕ್ಕಿ ಡ್ರಮ್ಮು ಇಡುವ ಜಾಗ. ಬಾಗಿಲು ಹಾಕಿದರೆ ನಿಮ್ಮ ಕೈ ನಿಮಗೆ ಕಾಣದು. ಇದು ಸಾಕಾ ನೋಡು ಅಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ನಿಂತಳು. ಹೊರಗೆ ಬಂದು, ಇಂಥ ಕತ್ತಲಿ ನಮ್ಮ ಕೇಂದ್ರದಾಗೂ ಇರಲಿಲ್ರಿ ಅಂದಳು. ನಮ್ಮ ಯಜಮಾನರು ಟೆಲಿಫೋನ್ ಇಲಾಖೆಯಿಂದ ರಿಟೈರ್ ಆಗಿ ಮನೆಯಲ್ಲಿದ್ದರು. ಮನೆ ಕಟ್ಟಿಸಿದಾಗ ಉಗ್ರಾಣಕ್ಕೆ ಕಿಟಕಿ ಇಡಲಿಲ್ಲ ಅಂತ ಇಪ್ಪತ್ತು ವರ್ಷದಿಂದ ನನ್ನ ಬಾಯಲ್ಲಿ ಬೈಸಿಕೊಂಡವರು. ಈಗ ಗೊತ್ತಾಯ್ತಾ ಅಂದರು.

ಅವಳು ನನಗೆ ಒಂದೇ ಮಾತು ಹೇಳಿದ್ದು, ಒಳಗೆ ಲೈಟ್ ಹಾಕಬೇಡಿ. ನಾನು ಸ್ಟೂಲು ಹತ್ತಿ ಬಲ್ಬನ್ನೇ ಬಿಚ್ಚಿ ಡಬ್ಬಿಯಲ್ಲಿಟ್ಟೆ. ಮೆಣಸಿನಕಾಯಿ ಬೇಕಾದರೂ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ತಡಕಾಡಿ ತರುತ್ತಿದ್ದೆ. ಹೇಳಿದ ಮಾತು ನಡೆಸುವುದರಲ್ಲಿ ನಾನು ಗಟ್ಟಿ ಅಂತ ನನ್ನ ಬಗ್ಗೆ ನನಗೇ ಹೆಮ್ಮೆ.

ಪ್ಲಾಸ್ಟಿಕ್ ತಟ್ಟೆಗಳಲ್ಲಿ ಅಭ್ರಕದಂತೆ ಹೊಳೆಯುವ ಹಗುರ ಪುಡಿ ತುಂಬಿ, ನೀರು ಹಾಕಿ, ನೆನೆಸಿದ ಬೀಜ ಊರುತ್ತಿದ್ದಳು. ಮೊದಲ ಸಲ ತಟ್ಟೆಗಳ ಮೇಲೆ ಕಪ್ಪು ಬಟ್ಟೆ ಹೊದಿಸಿದಳು. ಸೆಕೆಗೆ ಬೂಷ್ಟು ಹಿಡಿದು ಅರ್ಧ ಸಸಿ ಕೊಳೆತವು. ಮದುವೆಯಲ್ಲಿ ಅಂಕುರಾರ್ಪಣೆಗೆ ನವಧಾನ್ಯ ಹಾಕುವವಳು ನಾನು, ಮೊಳಕೆಗೆ ಗಾಳಿ ಬೇಕು ಅಂತ ನನಗೆ ಗೊತ್ತು. ಬಟ್ಟೆ ತೆಗಿ, ಕೋಣೆಯೇ ಕತ್ತಲು ತಾನೆ ಅಂದೆ. ತೆಗೆದಳು. ಆ ಬುದ್ಧಿಯೂ ನನ್ನದೇ ಅಂತ ಇಲ್ಲಿ ಬರೆದಿಡುತ್ತೇನೆ.

ಐದನೇ ದಿನ ಬೆಳಗ್ಗೆ, ಹಸಿರು ಜಿಲೇಟಿನ್ ಕಾಗದ ಸುತ್ತಿದ ಸಣ್ಣ ಟಾರ್ಚು ಹಿಡಿದುಕೊಂಡು ಒಳಗೆ ಹೋಗಿ ಕೆಲವು ಸಸಿಗಳ ದಪ್ಪ ಎಲೆಗಳನ್ನು ಕತ್ತರಿಸಿ, ಬೆರಳುದ್ದದ ಟ್ಯೂಬುಗಳಲ್ಲಿ ಹಾಕಿ, ಹೊಗೆಯಾಡುವ ಒಂದು ಫ್ಲಾಸ್ಕಿನಲ್ಲಿ ಮುಳುಗಿಸುವಳು. ಮುಟ್ಟಿದರೆ ಬೆರಳು ಸತ್ತು ಹೋಗುವಷ್ಟು ತಣ್ಣಗಿರುತ್ತದಂತೆ ಅದು. ಟಾರ್ಚಿನ ಹಸಿರು ಬೆಳಕು ಸಸಿಗೆ ತಟ್ಟುವುದಿಲ್ಲವಂತೆ, ಹಾಗಾಗಿ ಇವು ಬೆಳಕನ್ನೇ ಕಾಣದ ಸಸಿಗಳ ಲೆಕ್ಕ. ಉಳಿದ ತಟ್ಟೆಗಳನ್ನು ವೆರಾಂಡಾದ ಬೆಳಕಿಗೆ ತಂದಿಟ್ಟು, ಗಂಟೆ ಗಂಟೆಗೆ ಅಷ್ಟಷ್ಟು ಕತ್ತರಿಸಿ ಮತ್ತೆ ಫ್ಲಾಸ್ಕಿಗೆ. ನಾನು ಪಕ್ಕದಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಾ ನೋಡುತ್ತಿದ್ದೆ. ಅರಿಶಿನದ ಬಣ್ಣದ ಎಲೆ ಸಂಜೆಯೊಳಗೆ ಹಸಿರಾಗುವುದನ್ನು ಕೂತು ನೋಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ನಲವತ್ತು ವರ್ಷ ಸೊಪ್ಪು ಸೋಸಿದ್ದೆ, ಅದು ಹಸಿರಾಗುವುದು ಯಾವಾಗ ಅಂತ ಕೇಳಿಕೊಂಡಿರಲಿಲ್ಲ.

ಇಷ್ಟೆಲ್ಲ ಯಾಕೆ, ಏನು ಹುಡುಕುತ್ತಿದ್ದೀಯ ಅಂತ ಕೇಳಿದೆ. ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಗಿಡದ ಒಂದೊಂದು ಕಣದಲ್ಲೂ ಒಂದು ದೊಡ್ಡ ಪುಸ್ತಕ ಇರುತ್ತದಂತೆ. ಆ ಪುಸ್ತಕ ಇದ್ದಲ್ಲೇ ಇರುತ್ತದೆ, ಬೇಕಾದ ಪುಟಕ್ಕೆ ಒಂದು ನಕಲು ತೆಗೆದು ಕೆಲಸಕ್ಕೆ ಕಳಿಸುತ್ತದೆ. ಆ ನಕಲಿಗೆ ಆರ್‌ಎನ್‌ಎ ಅಂತ ಹೆಸರು. ನಕಲನ್ನು ಇದ್ದ ಹಾಗೇ ಕಳಿಸುವುದಿಲ್ಲ. ನಡುನಡುವೆ ಬೇಡದ ಭಾಗ ಇರುತ್ತದೆ, ಅದನ್ನು ಕತ್ತರಿಸಿ ತೆಗೆದು, ಉಳಿದ ತುಂಡುಗಳನ್ನು ಅಂಟಿಸಿ, ಆಮೇಲೆ ಕಳಿಸುತ್ತದೆ. ತಮಾಷೆ ಇರುವುದು ಇಲ್ಲಿ. ಎಲ್ಲಿ ಕತ್ತರಿಸಬೇಕು ಅನ್ನುವುದು ಯಾವಾಗಲೂ ಒಂದೇ ಅಲ್ಲ. ಕತ್ತಲಿದ್ದರೆ ಒಂದು ರೀತಿ, ಬೆಳಕು ಬಿದ್ದರೆ ಇನ್ನೊಂದು ರೀತಿ. ಪುಸ್ತಕದಲ್ಲಿ ಒಂದಕ್ಷರ ಬದಲಾಗಿರುವುದಿಲ್ಲ, ಕೈಗೆ ಬರುವ ಚೀಟಿ ಬೇರೆ.

ನಾನು ಅಲಸಂದೆಕಾಯಿ ಬಿಡಿಸುವುದು ನಿಲ್ಲಿಸಿದೆ. ಇದು ನನಗೆ ಗೊತ್ತಿದ್ದ ಸಂಗತಿ. ನಾನು ಮದುವೆಯಾಗಿ ಬಂದಾಗ ಮಾವನವರ ಮನೆ ಬನಶಂಕರಿ ಪಕ್ಕದ ಶ್ರೀನಗರದಲ್ಲಿತ್ತು, ಮನೆ ತುಂಬ ಜನ. ಮಾವನವರ ತಂಗಿ ತಿಂಗಳಿಗೊಂದು ಉದ್ದ ಕಾಗದ ಬರೆಯುವರು. ಮಾವನವರು ಅದನ್ನು ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದುವರು. ಅತ್ತೆ ಎದುರಿಗಿದ್ದರೆ ಒಂದು ತರಹ ಓದು. ಅತ್ತೆ ಸ್ನಾನಕ್ಕೆ ಹೋಗಿದ್ದು ನಾವು ಸೊಸೆಯರು ಮಾತ್ರ ಇದ್ದರೆ ಇನ್ನೊಂದು ತರಹ. ಬೀಗರು ಬಂದಿದ್ದರೆ ಮೂರನೆಯದು. ಬಿಟ್ಟ ಜಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಎರಡು ತುದಿ ಸೇರಿಸಿ ಒಂದೇ ಉಸಿರಿಗೆ ಓದಿಬಿಡುವರು. ಒಂದು ಸಲ ನಾನು ಕದ್ದು ಆ ಕಾಗದ ಬಿಡಿಸಿ ನೋಡಿದ ಮೇಲೆ ನನಗಿದು ಗೊತ್ತಾದದ್ದು.

ಇದನ್ನು ಸುವರ್ಣಾಗೆ ಹೇಳಿದೆ. ಅವಳು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

“ಇನ್ನೊಮ್ಮೆ ಹೇಳ್ರಿ ಅಮ್ಮಾರ,” ಅಂದಳು.

“ಏನು ಇನ್ನೊಮ್ಮೆ ಹೇಳೋದು. ನಮ್ಮ ಮಾವನವರು ಎದುರಿಗೆ ಯಾರು ಕೂತಿದ್ದಾರೆ ಅಂತ ನೋಡ್ಕೊಂಡು ಓದ್ತಾ ಇದ್ರು. ಅವರಿಗೆ ಕಣ್ಣಿತ್ತು. ನಿನ್ನ ಗಿಡಕ್ಕೆ ಕೋಣೇಲಿ ಏನಿದೆ ಅಂತ ಹೇಗೆ ಗೊತ್ತಾಗತ್ತೆ?”

“ಅದ ನನ್ನ ಕೆಲಸರಿ,” ಅಂದಳು. “ಅದು ಹೆಂಗ ಗೊತ್ತಾಗತೈತಿ, ಎಷ್ಟು ಬೆಳಕು ಬಿದ್ರ ಗೊತ್ತಾಗತೈತಿ. ನಾಲ್ಕು ವರ್ಷ ಅದನ್ನ ಹುಡುಕಾಕತ್ತೇನಿ.”

ಹೊರಗಿನ ಬೆಳಕು, ಸೆಕೆ, ಚಳಿ ಅಷ್ಟೇ ಅಲ್ಲವಂತೆ. ಒಳಗಿನ ಸುದ್ದಿಯನ್ನೂ ನೋಡಿಕೊಳ್ಳುತ್ತದಂತೆ. ಮೊಳೆತು ಎಷ್ಟು ದಿನವಾಯಿತು, ಬೀಜದಲ್ಲಿ ಕಟ್ಟಿಕೊಂಡು ಬಂದ ಎಣ್ಣೆ ಇನ್ನೆಷ್ಟು ಉಳಿದಿದೆ, ಇವೆಲ್ಲ. ಆ ಎಣ್ಣೆ ತೀರುವ ಹೊತ್ತಿಗೆ ಬೆಳಕು ಸಿಗಬೇಕು, ಆಮೇಲೆ ಸ್ವಂತ ಅಡುಗೆ. ಡಬ್ಬಿಯಲ್ಲಿ ಎಷ್ಟಿದೆ ಅಂತ ನೋಡಿಕೊಂಡು ತಾನೆ ನಾವೂ ಒಲೆ ಹಚ್ಚುವುದು ಅಂದೆ. ಹೌದ್ರಿ ಅಂದು ಒಂದು ಪುಸ್ತಕದಲ್ಲಿ ಏನೋ ಬರೆದುಕೊಂಡಳು.

ಆವತ್ತಿನಿಂದ ನನಗೆ ಆ ಸಸಿಗಳ ಮೇಲೆ ಕಣ್ಣು.

ಏಪ್ರಿಲ್ ಕಳೆಯಿತು. ಮಧ್ಯಾಹ್ನವಾದರೆ ಕರೆಂಟು ಇಲ್ಲ, ಸಂಜೆಗೆ ಒಂದೊಂದು ಸಲ ಗುಡುಗಿನ ಮಳೆ, ರಸ್ತೆ ತುಂಬ ಗುಲ್‌ಮೊಹರ್ ಹೂವಿನ ಕೆಸರು. ಬೂಷ್ಟು ಹಿಡಿದ ಮೊದಲ ತಟ್ಟೆಗಳನ್ನು ಲೆಕ್ಕಕ್ಕೆ ಹಿಡಿಯದೆ, ಸುವರ್ಣಾ ಮತ್ತೆ ಮೂರು ಸಲ ಬೀಜ ಊರಿ ಮೂರು ಸಲ ಕತ್ತರಿಸಿದಳು. ಮೇ ತಿಂಗಳ ಮೊದಲ ವಾರ ಒಂದು ಫೋಟೋ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಕಪ್ಪು ಫೋಟೋದಲ್ಲಿ ಬಿಳಿ ಗೆರೆಗಳು, ಸಾಲುಸಾಲಾಗಿ. ಒಂದೊಂದು ಸಾಲಿನಲ್ಲೂ ಮೇಲೊಂದು ಕೆಳಗೊಂದು. ಎರಡು ಗೆರೆ ಅಂದರೆ ಎರಡು ಬಗೆಯ ಚೀಟಿ. ಕತ್ತಲ ಸಸಿಯಲ್ಲಿ ಎರಡೂ ಸಮ ಇರಬೇಕು, ಬೆಳಕಿಗೆ ಬಂದ ಹಾಗೆಲ್ಲ ಒಂದು ದಪ್ಪವಾಗಿ ಇನ್ನೊಂದು ತೆಳುವಾಗಬೇಕು. ಆದರೆ ಇವಳ ಫೋಟೋದಲ್ಲಿ ಕತ್ತಲ ಸಸಿಯಲ್ಲೇ ಒಂದು ಗೆರೆ ದಪ್ಪ. ಮೂರು ಸಲವೂ ಹಾಗೇ. ಬೆಳಕನ್ನೇ ಕಾಣದ ಸಸಿ ಬೆಳಕು ಕಂಡವರ ಹಾಗೆ ಕತ್ತರಿಸಿಕೊಂಡು ಕೂತಿತ್ತು.

ಮೊದಲ ಸಲ ಅವಳ ಗೈಡು, ಟ್ಯೂಬು ಅದಲುಬದಲು ಮಾಡಿದ್ದೀಯ ಅಂದರಂತೆ. ಎರಡನೇ ಸಲ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಎದ್ದು ಕತ್ತರಿಸಿಲ್ಲ ಅಂದರಂತೆ. ಮೂರನೇ ಸಲ ಫೋಟೋ ವಾಪಸ್ ಕೊಟ್ಟು, ಸರಿಯಾದ ಕತ್ತಲೆ ತೋರಿಸುವವರೆಗೂ ಅವಧಿ ಹೆಚ್ಚಿಸುವ ಕಾಗದಕ್ಕೆ ಸಹಿ ಮಾಡುವುದಿಲ್ಲ ಅಂದರು. ಸುವರ್ಣಾಗೆ ತನ್ನ ಕೈ ಮೇಲೇ ಅನುಮಾನ ಶುರುವಾಯಿತು. ಟ್ಯೂಬಿನ ಮೇಲೆ ಬರೆದ ನಂಬರನ್ನು ಗಟ್ಟಿಯಾಗಿ ಓದಿ ನನ್ನಿಂದಲೂ ಹೌದು ಅನ್ನಿಸುವಳು. ರೊಟ್ಟಿ ಬಡಿಯುವುದು ಬಿಟ್ಟಳು, ನನ್ನ ಬೆಲ್ಲದ ಸಾರನ್ನೇ ಸಕ್ಕರೆಯಾ ಅಂತ ಕೇಳದೆ ಉಣ್ಣುವಳು. ಅದು ನನಗೆ ಸರಿಬರಲಿಲ್ಲ.

ನಾಲ್ಕನೇ ಸಲ ಬೀಜ ಊರಿದ್ದಳು. ಒಂದು ಶನಿವಾರ ಬೇಗ ಬಂದು ಅಡುಗೆಮನೆಯಲ್ಲಿ ಕೂತಿದ್ದಳು, ಆರೂವರೆ ಇರಬೇಕು, ಕರೆಂಟು ಹೋಗಿತ್ತು. ನಾನು ಕುಕ್ಕರಿಗೆ ವೆಯ್ಟ್ ಹಾಕಿ, ದೇವರ ಮುಂದೆ ದೀಪ ಹಚ್ಚಿ, ಕೈದೀಪ ತೆಗೆದುಕೊಂಡು ಹೊರಟೆ. ನಮ್ಮ ಅತ್ತೆ ಮನೆಯ ಪದ್ಧತಿ ಅದು. ಸಂಜೆ ದೀಪ ಹಚ್ಚಿದ ಮೇಲೆ ಮುಂಬಾಗಿಲಿಗೆ, ತುಳಸಿಗೆ, ಒಲೆಗೆ, ಉಗ್ರಾಣಕ್ಕೆ ದೀಪ ತೋರಿಸಬೇಕು. ಅಕ್ಕಿಬೇಳೆ ಇರುವ ಕೋಣೆ ಕತ್ತಲಲ್ಲಿ ಇರಬಾರದು. ಮದುವೆಯಾಗಿ ಬಂದ ದಿನದಿಂದ ತಪ್ಪಿಸಿದವಳಲ್ಲ.

“ಎಲ್ಲಿಗೆ ಹೊಂಟ್ರಿ ಅಮ್ಮಾರ?” ಅಂದಳು.

“ಉಗ್ರಾಣಕ್ಕೆ ದೀಪ ತೋರಿಸಕ್ಕೆ.”

ಅವಳು ಎದ್ದು ನಿಂತಳು. ನಾನು ನಿಂತೆ. ಕೈಯಲ್ಲಿ ದೀಪ ಉರಿಯುತ್ತಿತ್ತು. ಬಲ್ಬು ಬಿಚ್ಚಿಟ್ಟವಳಿಗೆ ಇದು ಹೊಳೆದಿರಲಿಲ್ಲ. ಲೈಟು ಬೇರೆ, ದೀಪ ಬೇರೆ. ಲೈಟ್ ಹಾಕುವುದು ನಾನು ಮಾಡುವ ಕೆಲಸ, ದೀಪ ತೋರಿಸುವುದು ಕೆಲಸ ಅಂತಲೇ ನನ್ನ ಲೆಕ್ಕದಲ್ಲಿರಲಿಲ್ಲ.

“ದಿನಾ?” ಅಂದಳು.

“ದಿನಾ.”

“ಎಷ್ಟೊತ್ತು?”

“ತೋರಿಸಕ್ಕೆ ಎಷ್ಟು ಹೊತ್ತು ಬೇಕು? ಬಾಗಿಲು ತೆಗಿ, ತೋರಿಸು, ಹಾಕು.”

ಅದು ಸುಳ್ಳು. ಹೇಳುವಾಗಲೇ ಗೊತ್ತಿತ್ತು.

ನಿಜ ಏನೆಂದರೆ, ಮಾವನವರ ಕಾಗದದ ಮಾತಾದ ದಿನದಿಂದ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ದೀಪ ಹಿಡಿದು ನಿಂತು ಸಸಿಗಳನ್ನು ನೋಡುತ್ತಿದ್ದೆ. ನಿನ್ನೆಗಿಂತ ಎಷ್ಟು ಉದ್ದ ಆಗಿದೆ, ಯಾವುದು ಸಿಪ್ಪೆ ಕೆಡವಿದೆ, ಯಾವುದು ಇನ್ನೂ ಹೊತ್ತುಕೊಂಡಿದೆ. ಹತ್ತಿರ ಹಿಡಿದು ನೋಡುತ್ತಿದ್ದೆ. ನನಗೇನೋ ಕಂಡುಬಿಡುತ್ತದೆ ಅಂತ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ ಮೇಲೆ ಹೊರಗೆ ಬರುತ್ತಿದ್ದೆ. ಇದನ್ನು ಹೇಳುವುದಕ್ಕೆ ನಾಚಿಕೆಯಾಯಿತು. ಪದ್ಧತಿ ಅಂದರೆ ಯಾರೂ ಏನೂ ಅನ್ನುವ ಹಾಗಿಲ್ಲ. ಈ ವಯಸ್ಸಿನಲ್ಲಿ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಕುಂಬಳದ ಮೊಳಕೆ ನೋಡುತ್ತಿದ್ದೆ ಅಂತ ಹೇಗೆ ಹೇಳುವುದು?

ಸುವರ್ಣಾ ನನ್ನನ್ನು ಬೈಯಲಿಲ್ಲ. ಒಂದು ಕ್ಷಣದ ಎಣ್ಣೆದೀಪಕ್ಕೆ ಇಷ್ಟು ಆಗುತ್ತದಾ ಅಂತ ತನ್ನಷ್ಟಕ್ಕೆ ತಾನೇ ಕೇಳಿಕೊಂಡಳು. ಆದರೂ ಏನೋ ಸಿಕ್ಕಿತಲ್ಲ ಅಂತ ಸೋಮವಾರ ಬೆಳಗ್ಗೆ ಓಡಿದಳು. ಸಂಜೆ ಬಂದಾಗ ಮುಖ ಸುಟ್ಟ ಬದನೆಕಾಯಿ ಹಾಗೆ ಆಗಿತ್ತು. ಗೈಡು ನಂಬಲಿಲ್ಲವಂತೆ. ಬಾಗಿಲು ತೆಗೆದು ಹಾಕುವಷ್ಟರಲ್ಲಿ ಬೀಳುವ ದೀಪದ ಬೆಳಕಿಗೆ ಇಷ್ಟು ಬದಲಾಗುವುದಿಲ್ಲ, ನಿನ್ನ ಅಜಾಗರೂಕತೆಯನ್ನು ದೇವರ ದೀಪದ ಮೇಲೆ ಹಾಕುತ್ತಿದ್ದೀಯ ಅಂದರಂತೆ. ಇಷ್ಟು ದಿನ ಅವಳು ಎಚ್ಚರ ತಪ್ಪಿದ್ದಾಳೆ ಅಂತಿದ್ದರು, ಈಗ ಸುಳ್ಳಿ ಅಂದಹಾಗಾಯಿತು. ಸುಳ್ಳು ಹೇಳಿದ್ದು ನಾನು.

ರಾತ್ರಿ ಊಟದ ಹೊತ್ತಿಗೆ ಯಜಮಾನರ ಹತ್ತಿರ ಹೇಳಿದೆ. ಅವರು ಮಜ್ಜಿಗೆ ಕುಡಿದು ಲೋಟ ಇಟ್ಟು, “ಹೋಗಿ ಹೇಳು. ನಿನ್ನ ಬಾಯಿಗೆ ಹೆದರಿ ಅವರು ಸಹಿ ಹಾಕಿದರೂ ಹಾಕಿಯಾರು,” ಅಂದರು. ಹಾಸ್ಯ ಸಾಕು ಅಂದೆ.

ಮರುದಿನ ಅವಳ ಜೊತೆ ನಾನೂ ಬಸ್ಸು ಹತ್ತಿದೆ. ಯಾಕೆ ಅಂತ ಕೇಳಿದಳು, ನಿನ್ನ ಮೇಷ್ಟ್ರ ಹತ್ತಿರ ಮಾತಾಡಬೇಕು ಅಂದೆ. ಬೇಡ್ರಿ ಅಮ್ಮಾರ, ಅವರು ಇನ್ನೂ ಸಿಟ್ಟಾಗತಾರ ಅಂತ ದಾರಿಯುದ್ದಕ್ಕೂ ಅಂದಳು. ತಲಘಟ್ಟಪುರ ದಾಟಿ ಇಳಿದು, ಹೊಲದ ನಡುವೆ ಬಿಸಿಲಲ್ಲಿ ನಡೆದು ಹೋಗಬೇಕು. ಕಟ್ಟಡದ ಮುಂದೆ ಜಲ್ಲಿ, ಸಿಮೆಂಟು ಮೂಟೆ.

ಗೈಡು ನಾನೆಣಿಸಿದ್ದಕ್ಕಿಂತ ಚಿಕ್ಕವರು, ನನ್ನ ತಮ್ಮನ ವಯಸ್ಸು. ಎದ್ದು ನಿಂತು ಕೂತ್ಕೊಳ್ಳಿ ಅಂದರು. ಈ ಹುಡುಗಿ ಮನೆಯ ಓನರಮ್ಮನನ್ನೇ ಸಾಕ್ಷಿಗೆ ಕರಕೊಂಡು ಬಂದಿದ್ದಾಳೆ ಅನ್ನುವುದು ಅವರ ಮುಖದಲ್ಲಿ ಬರೆದಿತ್ತು. ನಾನು ಬಾಯಿ ತೆಗೆಯುವ ಮೊದಲೇ ಅವರೇ ಸಮಾಧಾನ ಹೇಳಿದರು. ಪದ್ಧತಿ ಅಂದರೆ ಪದ್ಧತಿ, ನಮ್ಮ ತಾಯಿಯೂ ಹಾಗೇ, ನೀವು ಬೇಜಾರು ಮಾಡ್ಕೋಬೇಡಿ, ಅಷ್ಟು ಸಣ್ಣ ಬೆಳಕಿನಿಂದ ಏನೂ ಆಗಿರಲ್ಲ ಅಂದರು.

ಅಷ್ಟಕ್ಕೇ ಎದ್ದು ಬಂದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

“ಪದ್ಧತಿ ಅಲ್ಲ ಸಾರ್,” ಅಂದೆ. “ದೀಪ ತೋರಿಸೋದು ಒಂದು ಗಳಿಗೆ. ನಾನು ತೋರಿಸಿ ಬರಲಿಲ್ಲ. ಬಾಗಿಲು ಹಾಕ್ಕೊಂಡು ನಿಂತೆ. ಈ ಹುಡುಗಿ ಏನೇನೋ ಹೇಳಿದ್ಲಲ್ಲ, ಅದನ್ನ ನೋಡೋಣ ಅಂತ ದೀಪ ಹತ್ರ ಹಿಡ್ಕೊಂಡು ನಿಂತು ನೋಡ್ತಿದ್ದೆ. ದಿನಾ. ಇವಳಿಗೆ ಗೊತ್ತಿಲ್ಲ. ಇವಳ ಹತ್ರಾನೂ ಸುಳ್ಳು ಹೇಳಿದೆ.”

ಸುವರ್ಣಾ ನನ್ನನ್ನೇ ನೋಡುತ್ತಿದ್ದಳು. ನಾನು ಆ ಕಡೆ ತಿರುಗಲಿಲ್ಲ.

ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಕುರ್ಚಿ ಮುಂದಕ್ಕೆಳೆದುಕೊಂಡರು. ಎಷ್ಟು ಹೊತ್ತು ನಿಲ್ತಿದ್ರಿ ಅಂದರು. ಗಡಿಯಾರ ನೋಡಿಲ್ಲ, ಕುಕ್ಕರಿಗೆ ವೆಯ್ಟ್ ಹಾಕಿ ಹೋಗುತ್ತಿದ್ದೆ, ಮೊದಲನೇ ಕೂಗಿಗೆ ಈಚೆ ಬರುತ್ತಿದ್ದೆ ಅಂದೆ. ಯಾವ ಎಣ್ಣೆ, ಒಂದು ಬತ್ತಿಯೋ ಎರಡೋ, ಸಸಿಯಿಂದ ಎಷ್ಟು ದೂರ ಹಿಡಿಯುತ್ತಿದ್ದಿರಿ ಅಂತ ಒಂದೊಂದೇ ಕೇಳಿದರು. ಎಳ್ಳೆಣ್ಣೆ, ಎರಡು ಬತ್ತಿ, ಒಂದು ಮೊಳ ಅಂದೆ. ಎಲ್ಲ ಬರೆದುಕೊಂಡರು. ಡಾಕ್ಟರ ಹತ್ತಿರ ಹೋದರೂ ನನ್ನನ್ನು ಯಾರೂ ಇಷ್ಟು ವಿವರವಾಗಿ ಕೇಳಿದ್ದಿಲ್ಲ.

ಕೊನೆಗೆ ಸುವರ್ಣಾ ಕಡೆ ತಿರುಗಿ, ಹಾಗಾದರೆ ಇದನ್ನೇ ಮಾಡಿ ತೋರಿಸು ಅಂದರು. ಪೂರಾ ಕತ್ತಲದ್ದು ಒಂದು, ದೀಪ ಬರೀ ತೋರಿಸಿದ್ದು ಒಂದು, ಇವರು ನಿಂತು ನೋಡಿದ್ದು ಒಂದು. ಮೊದಲನೆಯದರಲ್ಲಿ ಎರಡು ಗೆರೆ ಸಮ ಬಂದರೆ ಸಹಿ ಮಾಡುತ್ತೇನೆ, ಬರದಿದ್ದರೆ ನನಗೇನೂ ಮಾಡಲು ಬರುವುದಿಲ್ಲ. ಉಳಿದದ್ದು ಐದು ವಾರ.

ವಾಪಸ್ ಬರುವಾಗ ಬಸ್‌ಸ್ಟಾಪಿನವರೆಗೂ ಸುವರ್ಣಾ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಬಸ್ಸು ಬಂದಾಗ, “ನನಗ ಮೊದಲ ಹೇಳಿದ್ರ ಆಗತಿತ್ತಲ್ರಿ,” ಅಂದಳು. ಹೌದು ಅಂದೆ.

ಉಗ್ರಾಣದಲ್ಲಿಡಲು ಅಟ್ಟದ ಮೇಲಿದ್ದ ಮೂರು ತಗಡಿನ ಟ್ರಂಕು ಇಳಿಸಿದೆವು. ಅಡಿಯಲ್ಲಿ ಯಜಮಾನರು ಗಾಳಿಗೆ ಅಂತ ತೂತು ಕೊರೆದು, ಬೆಳಕು ಬಾರದ ಹಾಗೆ ಕಪ್ಪು ಕಾಗದದ ಮಡಿಕೆ ಹಚ್ಚಿದರು. ರಿಟೈರ್ ಆದ ಮೇಲೆ ಅವರು ಖುಷಿಯಾಗಿ ಮಾಡಿದ ಮೊದಲ ಕೆಲಸ ಅದು. ಸುವರ್ಣಾ ಬೀಜ ಊರಿದ ಒಂದೊಂದು ತಟ್ಟೆಯನ್ನು ಒಂದೊಂದು ಟ್ರಂಕಿನಲ್ಲಿಟ್ಟು, ನೆನಪಿಗೆ ಅಂತ ಮುಚ್ಚಳದ ಮೇಲೆ ಕುಂಕುಮದಲ್ಲಿ ಬೊಟ್ಟಿಟ್ಟಳು. ಒಂದು ಬೊಟ್ಟಿನದು ತೆರೆಯುವ ಹಾಗೇ ಇಲ್ಲ. ಎರಡು ಬೊಟ್ಟಿನದು, ತೆರೆದು ದೀಪ ತೋರಿಸಿ ತಕ್ಷಣ ಮುಚ್ಚಬೇಕು. ಮೂರು ಬೊಟ್ಟಿನದನ್ನು ತೆರೆದು ನಾನು ಮೊದಲಿನ ಹಾಗೇ ನಿಂತು ನೋಡಬೇಕು, ಮೊದಲಿನಷ್ಟೇ ಹತ್ತಿರ, ಮೊದಲಿನದೇ ದೀಪ, ಕುಕ್ಕರ್ ಕೂಗುವವರೆಗೆ. ಯಜಮಾನರು ಹೊರಗೆ ವಾಚು ಹಿಡಿದು ಕೂತು ಬರೆದಿಡುವರು. ಒಂದು ದಿನ ನಾಲ್ಕು ನಿಮಿಷ, ಒಂದು ದಿನ ಮೂರೂಮುಕ್ಕಾಲು, ಮತ್ತೆ ನಾಲ್ಕು. ಇಷ್ಟು ವರ್ಷದಿಂದ ಅನ್ನ ಮಾಡುತ್ತಿದ್ದೀಯ, ನಿನ್ನ ಕುಕ್ಕರು ಇಷ್ಟು ನಿಯತ್ತಿನದು ಅಂತ ಗೊತ್ತಿರಲಿಲ್ಲ ಅಂದರು.

ಕದ್ದು ನೋಡುವಾಗ ಇದ್ದ ರುಚಿ ಹೇಳಿಸಿಕೊಂಡು ನೋಡುವಾಗ ಇರಲಿಲ್ಲ. ನಿಜವಾಗಿ ಕಷ್ಟವಾದದ್ದು ಒಂದು ಬೊಟ್ಟಿನ ಟ್ರಂಕು. ಅದರೊಳಗೆ ಏನಾಗುತ್ತಿದೆ ಅಂತ ಐದು ದಿನ ಕೈ ಕಡಿಯಿತು. ಮೊಳೆತಿದೆಯೋ ಇಲ್ಲವೋ, ಕೊಳೆತಿದೆಯೋ. ದೀಪ ಹಿಡಿದು ಅದನ್ನು ದಾಟಿ ಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಐದು ದಿನ ಮುಚ್ಚಳ ಮುಟ್ಟಲಿಲ್ಲ. ಇದು ಯಾರೂ ನೋಡದ ಕೆಲಸ, ಆದರೂ ಮಾಡಿದೆ.

ಹೀಗೇ ಮೂರು ಸುತ್ತು. ಮೂರನೆಯದನ್ನು ಕತ್ತರಿಸುವ ಹೊತ್ತಿಗೆ ಜೂನ್ ಹತ್ತಿರ ಹತ್ತಿರ ಮೂರು ವಾರ ಕಳೆದಿತ್ತು, ಮಳೆ ಹಿಡಿದಿತ್ತು. ಸುವರ್ಣಾ ಟ್ಯೂಬುಗಳನ್ನು ತೆಗೆದುಕೊಂಡು ಹೋಗಿ ಎರಡು ದಿನ ಮನೆಗೇ ಬರಲಿಲ್ಲ, ಅಲ್ಲೇ ಯಾರದೋ ಹಾಸ್ಟೆಲಿನಲ್ಲಿ ಉಳಿದಳು. ಗುರುವಾರ ಮಧ್ಯಾಹ್ನ ಕೊಡೆ ಇಲ್ಲದೆ ನೆನೆದುಕೊಂಡು ಬಂದಳು. ಸೆರಗಿನಲ್ಲಿ ತಲೆ ಒರೆಸು ಅಂದರೂ ಕೇಳದೆ ಫೋಟೋ ತೆಗೆದು ಕಟ್ಟೆಯ ಮೇಲಿಟ್ಟಳು.

ನನಗೆ ಈಗ ಓದಲು ಬರುತ್ತಿತ್ತು. ಮೊದಲನೇ ಸಾಲಿನಲ್ಲಿ ಎರಡು ಗೆರೆಯೂ ಸಮ. ಎರಡನೇ ಸಾಲೂ ಹಾಗೇ ಸಮ. ಮೂರನೇ ಸಾಲಿನಲ್ಲಿ ಒಂದು ದಪ್ಪ, ಒಂದು ತೆಳು.

ಅತ್ತೆಯ ದೀಪದಿಂದ ಏನೂ ಆಗಿರಲಿಲ್ಲ. ಆದದ್ದೆಲ್ಲ ನಾನು ನಿಂತದ್ದರಿಂದ. ಯಜಮಾನರು ಕನ್ನಡಕ ಹಾಕಿಕೊಂಡು ನೋಡಿ, ಇಪ್ಪತ್ತು ವರ್ಷದ ಬೈಗುಳಕ್ಕೆ ಇವತ್ತು ಬಡ್ಡಿ ಬಂತು ಅಂದರು. ನಾನು ಅವಳನ್ನು ಕೇಳಿದೆ, ಸಹಿ?

“ಮಾಡ್ಯಾರ್ರಿ,” ಅಂದಳು. “ಆರು ತಿಂಗಳು ಕೊಟ್ಟಾರ. ಮತ್ತ, ಎಷ್ಟು ಬೆಳಕು ಬೇಕು ಅಂತ ಹುಡುಕಾಕತ್ತಿದ್ದೆವಲ್ಲ, ಅದು ಇದ ಅಂತ ಹೇಳ್ಯಾರ. ಕ್ಷಣ ಸಾಲದು, ಇಷ್ಟು ಸಾಕು ಅಂತ ಈಗ ಗೊತ್ತಾತಲ್ಲ. ಇದನ್ನ ಬ್ಯಾರೆ ಅಧ್ಯಾಯ ಮಾಡು ಅಂದ್ರು.”

ಆದರೂ ಕೋಣೆಯಲ್ಲಿ ಬೆಳಕು ಬಂತು ಅನ್ನುವುದು ಕತ್ತರಿಸುವ ಜಾಗಕ್ಕೆ ಹೇಗೆ ತಲುಪುತ್ತದೆ ಅಂತ ಕೇಳಿದೆ. ಅದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ ಅಂದಳು. ನಾಲ್ಕು ವರ್ಷ ಓದಿದ್ದಕ್ಕೆ ಇಷ್ಟರಿ ಅಂದು, ಆಮೇಲೆ ರೊಟ್ಟಿಗೆ ಹಿಟ್ಟು ಕೇಳಿದಳು.

ಡಿಸೆಂಬರಿನಲ್ಲಿ ಅವಳ ಪುಸ್ತಕ ಬಂತು. ಕಪ್ಪು ರೆಕ್ಸಿನ್ ರಟ್ಟು, ಚಿನ್ನದ ಬಣ್ಣದ ಅಕ್ಷರ. ರೂಮು ಖಾಲಿ ಮಾಡುವ ಮುನ್ನ ತಂದು ನನ್ನ ಕೈಗೆ ಕೊಟ್ಟಳು. ಶುರುವಿನ ಪುಟದಲ್ಲಿ ನನ್ನ ಹೆಸರಿದೆ ಅಂದು, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿ ಹೇಳಿದಳು. ಕತ್ತಲೆಯ ಕೋಣೆಯನ್ನೂ ದೀಪವನ್ನೂ ಕೊಟ್ಟವರಿಗೆ ವಂದನೆ ಅಂತ. ನೀಟಾಗಿತ್ತು, ಮಾವನವರ ಓದಿನ ಹಾಗೆ.

“ನಾನು ನಿಂತು ನೋಡಿದ್ದು ಬರೆದಿದ್ದೀಯ?” ಅಂದೆ.

“ಹಂಗ ಬರಿಯಾಕ ಬರಂಗಿಲ್ರಿ ಅಮ್ಮಾರ,” ಅಂದು ನಕ್ಕಳು. ಆಮೇಲೆ ಪುಟ ಮಗುಚುತ್ತಾ ಹೋಗಿ, ಕೊನೆಯ ಕಡೆ ಅದೇ ಫೋಟೋ ಇದ್ದಲ್ಲಿ ನಿಲ್ಲಿಸಿ, ಮೂರನೇ ಸಾಲಿನ ಕೆಳಗೆ ಬೆರಳಿಟ್ಟಳು. ಅಲ್ಲಿ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಏನೋ ಅಚ್ಚಾಗಿತ್ತು. ಅಕ್ಷರ ನನಗೆ ಓದಲು ಬರಲಿಲ್ಲ, ಅಂಕಿ ಬಂತು. ನಾಲ್ಕು.